ಹುಣಿಸೇಹಣ್ಣಿಗೆ ಸಿಕ್ಕ ಅರಸರು

ದೇಹ ಅನಿತ್ಯವೆಂದು ದಿನವೂ ಪಾರಾಯಣದಲ್ಲಿ ನುಡಿಯುವ ನಾಲಿಗೆಯೇ, ಮುಖವನ್ನಾದರೂ ಬೆಳ್ಳಿಯಲ್ಲಿ ಉಳಿಸಿಕೊಳ್ಳಬಾರದೇಕೆ ಎಂದು ಒಳಗೊಳಗೇ ಕೇಳುತ್ತಿರುತ್ತದೆ. ನನ್ನ ಭೀಮರಥ ಶಾಂತಿ, ಎಂದರೆ ಎಪ್ಪತ್ತು ತುಂಬುವ ಮಂಗಳಕಾರ್ಯ, ಸಮೀಪಿಸಿದಂತೆ ಈ ಪ್ರಶ್ನೆ ಬಲವಾಯಿತು. ಇದಕ್ಕೆಲ್ಲ ಕಾರಣ ನಮ್ಮ ದೇವರ ಪೆಟ್ಟಿಗೆಯಲ್ಲಿರುವ ಒಂದು ಬೆಳ್ಳಿಯ ನಾಣ್ಯ. ಹಿಂದಿನ ಮಹಾರಾಜರೊಬ್ಬರ ವರ್ಧಂತಿಗೆಂದು ಅಚ್ಚಾದದ್ದು, ತಾತನವರಿಂದ ಬಂದದ್ದು. ಬೆಳಗಿನ ಪೂಜೆಯಲ್ಲಿ ದೀಪದ ಬೆಳಕು ಅದರ ಮೇಲೆ ಬಿದ್ದಾಗ ಮಂತ್ರ ಎಲ್ಲಿಯೋ ನಿಂತುಹೋಗಿ, ಶ್ರೀರಂಗಪಟ್ಟಣದ ನಮ್ಮ ನಡುಮನೆಯೇ ದರ್ಬಾರಾಗಿ, ಕಾವೇರಿಯ ಮೇಲಣ ಮಂಜಿನೊಳಗಿಂದ ಅಂಬಾರಿಯೊಂದು ತೇಲಿ ಬರುತ್ತಿತ್ತು. ಈಚೆಗೆ ಅದರಲ್ಲಿ ಕುಳಿತವನು ನಾನೇ ಆಗಿದ್ದೆ.

ಅತಿಥಿಗಳ ತಾಂಬೂಲದಲ್ಲಿ ನನ್ನ ಮುಖವುಳ್ಳ ಬೆಳ್ಳಿ ನಾಣ್ಯವನ್ನಿಡುವುದೆಂದು ನಿಶ್ಚಯಿಸಿ, ಮಾದರಿಗೆ ಅರಸರ ನಾಣ್ಯವನ್ನೂ ಆಕ್ಷೇಪಣೆಗೆ ನನ್ನ ಹೆಂಡತಿ ರುಕ್ಮಿಣಿಯನ್ನೂ ಜೊತೆಗಿಟ್ಟುಕೊಂಡು ಕೆ.ಆರ್. ಪೇಟೆಯ ಅಕ್ಕಸಾಲಿಯ ಬಳಿಗೆ ಹೋದೆ. ಆತ ನಾಣ್ಯವನ್ನು ಬೆಳಕಿಗೆ ಹಿಡಿದು ತಿರುಗಿಸಿದ.

"ಅಯ್ನೋರೆ, ಇದ್ರಲ್ಲಿ ರಾಜ್ರು ಎಲ್ಲವ್ರೆ? ಪೇಟ ಒಂದು ಅಂಗೇ ಅದೆ. ಮೂಗು ಓಗ್ಬುಟ್ಟದೆ."

ಕನ್ನಡಕ ಏರಿಸಿ ನೋಡಿದೆ. ನಿಜ. ಇಷ್ಟು ಕಾಲ ನನಗೆ ದರ್ಶನವಿತ್ತದ್ದು ಬಾಲ್ಯದ ನೆನಪು ಮಾತ್ರ.

"ನಾನೇ ಉಜ್ಜಿದ್ದು," ಎಂದಳು ರುಕ್ಮಿಣಿ, ಶಾಂತವಾಗಿ. "ಪ್ರತಿ ಶುಕ್ರವಾರ ಪೂಜೆ ಪಾತ್ರೆ ಜೊತೆ ಹುಣಿಸೇಹಣ್ಣು, ರಂಗೋಲಿಪುಡಿ ಹಾಕಿ ಬೆಳಗ್ತೀನಿ. ಮುಂಚೆ ನಿಮ್ಮ ಅಮ್ಮ ಬೆಳಗ್ತಿದ್ರು. ಕಿವಿ ಅವರ ಕಾಲದಲ್ಲೇ ಹೋಗಿತ್ತು."

ಅಕ್ಕಸಾಲಿ ನನ್ನನ್ನೊಮ್ಮೆ ದಿಟ್ಟಿಸಿದ. "ಅಯ್ನೋರ ಮೂಗು ವಸಿ ದಪ್ಪ ಅದೆ ಕಣವ್ವ. ತಡೀತದೆ ಬುಡಿ."

"ನಮ್ಮನೇಲಾ? ಅನುಮಾನ."

ಮುಂಗಡ ಕೊಟ್ಟೇ ಬಂದೆ. ಬಸ್ಸು ಚಿನಕುರಳಿ ದಾಟುವಾಗ ತೂಕಡಿಕೆ ಬಂತು. ಅಂಬಾರಿ ಬರಲಿಲ್ಲ, ನಾಗಮಂಗಲದ ಬೀಗರ ಮನೆಯಿಂದ ಮೊದಲುಗೊಂಡು ಪಾಂಡವಪುರದ ನಂಟರವರೆಗೆ, ಮನೆಮನೆಯ ಹಿತ್ತಲಲ್ಲಿ ಶುಕ್ರವಾರದ ಎಳೆಬಿಸಿಲು, ಬಳೆಗಳ ನಾದ, ಹುಣಿಸೇಹಣ್ಣು ಹಿಡಿದ ಕೈಗಳು ಒಂದೊಂದಾಗಿ ನನ್ನ ಮುಖದ ಮೇಲೆ ಇಳಿಯುತ್ತಿದ್ದವು.

ಶಾಂತಿಯ ದಿನ ನಾಣ್ಯಗಳು ಸೊಗಸಾಗಿ ಬಂದಿದ್ದವು, ಮೂಗು ಯಥಾವತ್ತಾಗಿತ್ತು. ತಾಂಬೂಲ ಕೊಡುವಾಗ ಒಬ್ಬೊಬ್ಬರಿಗೂ ಕೈಮುಗಿದು, "ದಯವಿಟ್ಟು ಇದನ್ನು ದೇವರ ಮುಂದೆ ಇಡಬೇಡಿ," ಎಂದು ಬೇಡಿಕೊಂಡೆ. "ಈ ವಯಸ್ಸಿನಲ್ಲಿ ಎಂಥ ವಿನಯ ನೋಡಿ," ಎಂದು ಬೀಗರು ಕಣ್ಣೊರೆಸಿಕೊಂಡರು.

ನಮ್ಮ ಪಾಲಿನ ನಾಣ್ಯವನ್ನು ರುಕ್ಮಿಣಿ ದೇವರ ಪೆಟ್ಟಿಗೆಯಲ್ಲಿ, ಅರಸರ ಪಕ್ಕದಲ್ಲಿಯೇ ಇಟ್ಟಿದ್ದಾಳೆ. ನಾಳೆ ಶುಕ್ರವಾರ.