ಕ್ಯಾಸೆಟ್ಟಿನೊಳಗಿನ ಮಾವನವರು

ಕೆಲವರಿಗೆ ಬಿ.ಪಿ. ಇರುತ್ತದೆ, ಕೆಲವರಿಗೆ ಶುಗರ್. ನನಗಿರುವುದು ಗಾಬರಿ. ಇದಕ್ಕೆ ಮಾತ್ರೆ ಇಲ್ಲ. ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮನೆಗೆ ಓಡಿಬರುವವನು ನಾನು. ಬಂದು ನೋಡಿದರೆ ಗ್ಯಾಸ್ ಆರಿರುತ್ತದೆ, ಬಾಗಿಲಿಗೆ ಬೀಗ ಹಾಕಿರುವುದಿಲ್ಲ. ಇಂಥವನ ಕೈಗೆ ಬೆಲೆಬಾಳುವ ವಸ್ತು ಕೊಡಬಾರದು. ನನ್ನ ಹೆಂಡತಿ ಗಿರಿಜೆ ಕೊಟ್ಟಳು. ನಮ್ಮ ಮದುವೆಯ ವಿಡಿಯೋ ಕ್ಯಾಸೆಟ್ಟು.

ಇದಕ್ಕೆ ಕಾರಣ ಅಜ್ಜಂಪುರದಲ್ಲಿರುವ ನಮ್ಮ ಅತ್ತೆ. ಈಚೆಗೆ ಅವರ ಕಣ್ಣಿನ ಪೊರೆ ತೆಗೆಸಿದ್ದೆವು. ಕಣ್ಣು ತಿಳಿಯಾದ ಮೇಲೆ ಅವರು ಕೇಳಿದ್ದು ಒಂದೇ. "ಅಳಿಯಂದ್ರೇ, ಮದ್ವೆ ಕ್ಯಾಸೆಟ್ನಾಗೆ ನಮ್ಮೋರು ಓಡಾಡೋದೈತಲ್ಲ, ಅದನ್ನೊಂದ್ಸಲ ತೋರ್ಸಿ." ಮಾವನವರು ನಮ್ಮ ಮದುವೆಯಾದ ವರ್ಷವೇ ತೀರಿಕೊಂಡರು. ಗೋಡೆಯ ಮೇಲಿನ ಫೋಟೋದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಾರೆ. ನಡೆಯುವ, ನಗುವ ಮಾವನವರು ಇರುವುದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಅದು ಹಾಳಾದರೆ? ಬೀರುವಿನಿಂದ ಅದನ್ನು ತೆಗೆಯುವ ಮೊದಲೇ ನನಗೆ ಬೆವರು ಬಂದಿತ್ತು.

ನಾನಿರುವ ಕಡೂರಿನಲ್ಲಿ ವಿ.ಸಿ.ಆರ್. ಇದೆಯಾ ಎಂದು ಕೇಳಿದರೆ ಅಂಗಡಿಯವರು ನನ್ನನ್ನೇ ಮೇಲಿಂದ ಕೆಳಗೆ ನೋಡಿದರು. ಕೊನೆಗೆ ತರೀಕೆರೆಯಲ್ಲಿ ಸ್ಟುಡಿಯೋ ಇಟ್ಟಿರುವ ರುದ್ರಪ್ಪನವರ ಹತ್ತಿರ ಒಂದಿದೆ ಎಂದು ಗೊತ್ತಾಯಿತು. ಕ್ಯಾಸೆಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ. ಸೀಟಿನ ತಲೆಯ ಮೇಲೆ ಸ್ಪೀಕರ್ ಹಾಡುತ್ತಿತ್ತು. ಸ್ಪೀಕರಿನಲ್ಲಿ ಅಯಸ್ಕಾಂತ ಇರುತ್ತದೆ, ಟೇಪಿಗೆ ಅದು ಆಗದು ಎಂದು ಎಲ್ಲೋ ಓದಿದ್ದು ನೆನಪಾಯಿತು. ಎದ್ದು ಬಾಗಿಲ ಹತ್ತಿರ ನಿಂತೆ. "ಸೀಟ್ ಖಾಲಿ ಐತಲ್ರೀ, ಕೂತ್ಕಳಿ" ಎಂದು ಬೀರೂರು ದಾಟುವವರೆಗೂ ಕಂಡಕ್ಟರ್ ಗದರುತ್ತಲೇ ಇದ್ದ. ಮಾವನವರು ನನ್ನ ಕಂಕುಳಲ್ಲಿದ್ದಾರೆ ಎಂದು ಅವನಿಗೆ ಹೇಗೆ ಹೇಳಲಿ?

ರುದ್ರಪ್ಪನವರು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು, "ಬೂಷ್ಟು ಹಿಡ್ದೈತೆ ಸಾರ್. ಒಂದ್ಸಲ ಓಡ್ಬೋದು. ಎರಡ್ನೇ ಸಲಕ್ಕೆ ಗ್ಯಾರಂಟಿ ಇಲ್ಲ" ಎಂದರು. ಟೇಪನ್ನು ಮೆಲ್ಲಗೆ ಸುತ್ತಿ ಬಿಚ್ಚಿ ಒರೆಸಿದರು, ವಿ.ಸಿ.ಆರ್. ಹೊಟ್ಟೆಯನ್ನೂ ಒರೆಸಿದರು. ಆಮೇಲೆ ಟೇಪು ಓಡಿತು, ಓಡಿದ್ದೆಲ್ಲ ಕಂಪ್ಯೂಟರಿಗೆ ಇಳಿಯಿತು. ಬಿಳಿ ಚುಕ್ಕೆಗಳ ಮಧ್ಯೆ, ಅಡ್ಡಡ್ಡ ಗೆರೆಗಳ ಮಧ್ಯೆ, ಮದುವೆಯ ಹಿಂದಿನ ರಾತ್ರಿಯ ಊಟದ ಪಂಕ್ತಿಯಲ್ಲಿ ಮಾವನವರು ತುಪ್ಪ ಬಡಿಸುತ್ತಾ ಬಂದರು. ನನಗೆ ಕಂಡದ್ದು ಗೆರೆ ಮಾತ್ರ.

"ಇದನ್ನೆಲ್ಲಾ ತೆಗೀರಿ."

"ಕಂಪ್ಯೂಟರ್ನಾಗೆ ತೆಗೀಬೋದು. ಜಾಸ್ತಿ ತೆಗುದ್ರೆ ಮುಖ ನುಣ್ಣಗಾಗ್ತವೆ ಸಾರ್."

"ಆಗಲಿ. ಒಂದು ಗೆರೆಯೂ ಇರಬಾರದು."

ಊರಿಗೆ ಬಂದ ಮೇಲೂ ದಿನಾ ಫೋನ್ ಮಾಡಿ ಇದನ್ನೇ ಹೇಳಿದೆ. "ನೀವು ಫೋನ್ ಇಟ್ರೆ ತೆಗೀತೀನಿ ಸಾರ್" ಎನ್ನುವವರೆಗೂ ಬಿಡಲಿಲ್ಲ.

ಡಿಸ್ಕ್ ಸಿದ್ಧವಾಯಿತು. ಅಜ್ಜಂಪುರದ ಮನೆಯಲ್ಲಿ ಅತ್ತೆ ಕಪ್ಪು ಕನ್ನಡಕ ತೆಗೆದಿಟ್ಟು ಟಿ.ವಿ. ಎದುರು ಕೂತರು. ಚಿತ್ರ ಒಗೆದು ಇಸ್ತ್ರಿ ಮಾಡಿದ ಹಾಗಿತ್ತು. ನಾನು ಹೊಗಳಿಕೆಗೆ ಕಾದೆ. ಪಂಕ್ತಿ ಬಂತು. ಅತ್ತೆ ಮುಂದಕ್ಕೆ ಬಾಗಿ ನೋಡಿ ಕೇಳಿದರು:

"ತುಪ್ಪ ಬಡಿಸ್ತಾವ್ರಲ್ಲ, ಅವ್ರು ಯಾರು? ನಿಮ್ಮ ಕಡೆಯೋರಾ ಅಳಿಯಂದ್ರೇ?"

ಗಿರಿಜೆ ಟಿ.ವಿ. ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮಾವನವರ ಹಣೆ ಖಾಲಿ. ವಿಭೂತಿ ಇಲ್ಲ! ಟೇಪಿನ ಗೆರೆ ಯಾವುದು, ಹಣೆಯ ಗೆರೆ ಯಾವುದು ಎಂದು ಕಂಪ್ಯೂಟರಿಗೇನು ಗೊತ್ತು? ಅಡ್ಡಕ್ಕೆ ಮೂರು ಬಿಳಿ ಗೆರೆ ಕಂಡವು, ನನ್ನ ಅಪ್ಪಣೆಯಂತೆ ಅಳಿಸಿತು. ಜೊತೆಗೆ ಮುಖದ ಸುಕ್ಕುಗಳನ್ನೂ ಬಳಿದುಕೊಂಡು ಹೋಗಿತ್ತು.

"ಅಪ್ಪಾಜಿ ಕಣಮ್ಮ" ಎಂದಳು ಗಿರಿಜೆ.

"ಬರೀ ಹಣೇಲಿ ನಮ್ಮೋರು ಹೊಸ್ಲು ದಾಟಿದೋರಲ್ಲ" ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಣ್ಣು ಉಜ್ಜಬಾರದೆಂದು ಡಾಕ್ಟರು ಹೇಳಿದ್ದರು. ಅದೊಂದು ಗಾಬರಿ ಬೇರೆ.

ಅಂಗಳಕ್ಕೆ ಬಂದು ರುದ್ರಪ್ಪನವರಿಗೆ ಫೋನ್ ಮಾಡಿದೆ. ಟೇಪು ಇನ್ನೊಂದು ಸಲ ಓಡದಿದ್ದರೆ ಮಾವನವರನ್ನು ಕೈಯಾರೆ ಅಳಿಸಿದವನು ನಾನೇ. "ಮೊದಲಿನದು... ಗೆರೆ ಇರೋದು... ಇದೆಯಾ?"

"ಇಟ್ಟಿದೀನಿ ಸಾರ್. ನೀವು ಕೇಳೇ ಕೇಳ್ತೀರಿ ಅಂತ ಗೊತ್ತಿತ್ತು."

ಮಾರನೆಯ ದಿನ ಅದನ್ನು ತಂದು ಹಾಕಿದೆ. ಚುಕ್ಕೆ, ಗೆರೆ, ನಡುಕ. ಅದರೊಳಗಿಂದ ಮಾವನವರು ಬಂದರು. "ಅಗೋ, ಬಂದ್ರು ನೋಡು!" ಎಂದ ಅತ್ತೆ ನೆಟ್ಟಗೆ ಕೂತು ತಲೆಯ ಮೇಲೆ ಸೆರಗು ಎಳೆದುಕೊಂಡರು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಆಮೇಲೆ ಮಂಟಪ ಬಂತು. ನನ್ನ ಕೈಯಲ್ಲಿ ತಾಳಿ, ಸುತ್ತಲೂ ಎಲ್ಲರ ಮುಖದಲ್ಲಿ ನಗು. ನಾನು ಮಾತ್ರ ಕತ್ತೆತ್ತಿ ಚಪ್ಪರದ ಕಡೆ ನೋಡುತ್ತಿದ್ದೇನೆ.

"ಅಳಿಯಂದ್ರೊಬ್ರು ನಿನ್ನೇದ್ರಾಗೂ ಇದ್ರಾಗೂ ಒಂದೇ ಥರ ಅವ್ರೆ" ಎಂದರು ಅತ್ತೆ. "ಮ್ಯಾಲೇನು ನೋಡ್ತಿದ್ರಿ?"

"ಚಪ್ಪರ ಗಟ್ಟಿಯಾಗಿ ಕಟ್ಟಿದ್ದಾರೋ ಇಲ್ಲವೋ ಅಂತ" ಎಂದೆ.