ಪುಕ್ಕಟೆ ಆಟದ ಅತಿಥಿ ಮನೆ

ನಮ್ಮ ಮನೆಯಲ್ಲಿ ಫೋನಿನ ಆಟದ ಬಗ್ಗೆ ಒಂದು ಜಗಳ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಚಾರ್ಜಿಗೆ ಕೂತಿರುತ್ತದೆ. ನಾನು ಅರ್ಥಶಾಸ್ತ್ರದಲ್ಲಿ ಬಿ.ಎ. ಮಾಡಿದವಳು. ಕುಶಾಲನಗರದ ಪಕ್ಕದ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮಳೆ ಎಷ್ಟು ಇಂಚು, ಹಸು ಎಂದು ಕರು ಹಾಕಿತು, ಸಿಲಿಂಡರ್ ಎಂದು ಬದಲಾಯಿತು, ಎಲ್ಲ ಬರೆದಿಟ್ಟಿದ್ದೇನೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಒಗ್ಗರಣೆ ಇಲ್ಲ.

ಅವಸರದ ಬೆಳೆ

ನನ್ನ ತಂಗಿಯನ್ನು ಕೊಟ್ಟಿರುವುದು ಕರಿಕೆಗೆ. ಮಡಿಕೇರಿಗೆ ಹೋಗಿ, ಭಾಗಮಂಡಲ ದಾಟಿ, ಕಾಡಿನ ತಿರುವುಗಳನ್ನೆಲ್ಲ ಸುತ್ತಿಕೊಂಡು ತಲುಪಬೇಕಾದ ಊರು. ಅವಳ ಮಂಡಿ ನೋವು ಶುರುವಾದ ಮೇಲೆ ಎರಡು ಮಳೆಗಾಲ ಕಳೆದರೂ ಈ ಕಡೆ ಬಂದಿರಲಿಲ್ಲ. ಕರೆದಾಗಲೆಲ್ಲ, “ಹಸು ಬಿಟ್ಟು ಹೇಗೆ ಬರ್ಲಿ ಅಕ್ಕ?” ಅನ್ನುತ್ತಿದ್ದಳು.

ನನ್ನ ಮುಖ ನೋಡಿ ಬೇಜಾರಾಗಿ ಮೊಮ್ಮಗಳು ನನ್ನ ಫೋನಿಗೆ ಬೇಸಾಯದ ಆಟವೊಂದನ್ನು ಹಾಕಿಕೊಟ್ಟಳು, ತಂಗಿಗೂ ಇಲ್ಲಿಂದಲೇ ಹೇಳಿಕೊಟ್ಟು ಹಾಕಿಸಿದಳು. ಅದರಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಬಹುದು. ಬೆಳಿಗ್ಗೆ ತಂಗಿ ಕೊಟ್ಟಿಗೆ ಹಿಂದಿನ ಹಲಸಿನ ಮರದ ಹತ್ತಿರ ಹೋಗುತ್ತಾಳೆ, ಅಲ್ಲಿ ಮಾತ್ರ ಸಿಗ್ನಲ್ಲು. ಸ್ವಲ್ಪ ಹೊತ್ತಿಗೆ ಅವಳ ನೀಲಿ ಟೋಪಿಯ ಗೊಂಬೆ ನನ್ನ ಹೊಲಕ್ಕೆ ಬಂದು, ಕ್ಯಾರೆಟ್ಟಿಗೆ ನೀರು ಹಾಕಿ, ಕೈ ಬೀಸಿ ಹೋಗುತ್ತದೆ. ಅದು ಬರುವವರೆಗೆ ನಾನು ಕಾಫಿ ಕುಡಿಯುವುದಿಲ್ಲ. ಬಂದರೆ ಅದಕ್ಕೆ ಕೊಡುವ ಹಾಗೂ ಇಲ್ಲ.

ಆಟ ಪುಕ್ಕಟೆ, ಕಾಯುವುದು ಮಾತ್ರ ನಮ್ಮ ಪಾಲು. ಕ್ಯಾರೆಟ್ ಬೆಳೆಯಲು ಒಂದು ಗಂಟೆ ಬೇಕು, ಒಂದು ರತ್ನ ಕೊಟ್ಟರೆ ತಕ್ಷಣ ಕೊಯ್ಲು. ರತ್ನಕ್ಕೆ ನಿಜವಾದ ದುಡ್ಡು. “ಕಾಯೋಕಾಗದವರು ಬೇಸಾಯ ಯಾಕೆ ಮಾಡ್ಬೇಕು? ಒಂದು ಪೈಸೆ ಕೊಡಬೇಡ ಅಕ್ಕ,” ಅಂತ ತಂಗಿ ತಾಕೀತು ಮಾಡಿದಳು. ನಾನೂ ಒಪ್ಪಿದೆ.

ಇದನ್ನೆಲ್ಲ ಪಕ್ಕದ ಜಮೀನಿನ ಶುಂಠಿ ಬೆಳೆಗಾರರಿಗೆ ವಿವರಿಸಿದೆ. ಗಮನವಿಟ್ಟು ಕೇಳಿದರು.

“ಒಳ್ಳೇದೇ ಅಮ್ಮ. ಬೇಗ ಬೆಳೆಸೋ ರತ್ನ ನಂಗೆ ಬೇಡ. ರೇಟು ಬರೋವರೆಗೂ ಬೆಳೆಯದ ಹಾಗೆ ತಡೆಯೋ ರತ್ನ ಇದ್ರೆ ಕೇಳಿ.”

ಅಳಿಯನ ಮಳೆ ಕೋಟು

ಅಳಿಯ ಸಿದ್ದಾಪುರದ ಕಡೆ ಎಸ್ಟೇಟೊಂದರಲ್ಲಿ ರೈಟರು. ಕೂಲಿಯವರ ಹಾಜರಿ ಹಾಕುತ್ತ ಜೂನಿನಿಂದ ತೋಟದಲ್ಲಿ ನೆನೆಯುವ ಕೆಲಸ. ಅವರ ಮಳೆ ಕೋಟಿನ ತೋಳು ಹರಿದು, ಅದಕ್ಕೆ ಪ್ಯಾಕಿಂಗ್ ಟೇಪು ಸುತ್ತಿಕೊಂಡಿದ್ದರು. ಹೊಸದು ತಗೊಳ್ಳಿ ಅಂದರೆ, “ಈ ವರ್ಷ ತಳ್ಳಬಹುದು ಅತ್ತೆ,” ಅಂದರು.

ಅದೇ ಸಂಜೆ ತಮ್ಮ ಯುದ್ಧದ ಆಟದ ಸೈನಿಕನಿಗೆ ದುಡ್ಡು ಕೊಟ್ಟು ಉದ್ದನೆಯ ಕಪ್ಪು ಕೋಟು ಕೊಂಡಿದ್ದು ನನ್ನ ಕಣ್ಣಿಗೆ ಬಿತ್ತು.

“ಇದನ್ನ ಹಾಕಿದ್ರೆ ಗುಂಡು ತಾಗಲ್ವ?”

“ತಾಗತ್ತೆ ಅತ್ತೆ. ದುಡ್ಡು ಕೊಟ್ಟವನಿಗೆ ಬಲ ಜಾಸ್ತಿ ಬಂದ್ರೆ ಮೋಸ ಆಗಲ್ವ? ಇದು ಬರೀ ನೋಡೋಕೆ. ಅದಕ್ಕೇ ನ್ಯಾಯವಾದ ವ್ಯಾಪಾರ.”

“ಹೋಗಲಿ, ಮಳೆಗಾದ್ರೂ ಆಗತ್ತಾ?”

ಅಳಿಯ ಆ ಕೋಟನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು.

“ಆ ಆಟದಲ್ಲಿ ಮಳೆ ಬರಲ್ಲ ಅತ್ತೆ.”

ಪೆಟ್ಟಿಗೆಯೊಳಗೆ ಏನಿದೆ

ನಮ್ಮ ಆಟದಲ್ಲಿ ದಿನಕ್ಕೊಂದು ಮುಚ್ಚಿದ ಪೆಟ್ಟಿಗೆ ಕೊಡುತ್ತಾರೆ. ಇನ್ನೂ ಬೇಕಿದ್ದರೆ ಕೊಂಡುಕೊಳ್ಳಬೇಕು, ಒಳಗೆ ಏನಿದೆ ಅಂತ ಹೇಳುವುದಿಲ್ಲ. ಮೊಮ್ಮಗಳ ಪ್ರಕಾರ ಇದು ಶುದ್ಧ ಜೂಜು. “ಒಂದೇ ಸಲ ಪೂರ್ತಿ ಬೆಲೆ ಹೇಳಲಿ ಅಜ್ಜಿ, ಕೊಡ್ತೀನಿ. ಹೀಗೆ ಚೂರು ಚೂರಾಗಿ ಕೀಳಬಾರದು,” ಅನ್ನುತ್ತಾಳೆ. ಅರ್ಥಶಾಸ್ತ್ರ ಓದದೆಯೇ ಇಷ್ಟು ತಿಳಿದಿದ್ದಾಳಲ್ಲ ಅಂತ ನನಗೆ ಹೆಮ್ಮೆ.

ನನ್ನ ಪೆಟ್ಟಿಗೆಯಲ್ಲಿ ಏನೇನು ಬಂತು ಅಂತ ತಿಂಗಳಿಡೀ ಬರೆದಿಟ್ಟು ತಂಗಿಗೆ ಓದಿದೆ. ಬಕೆಟ್ಟು, ಬಕೆಟ್ಟು, ಬೇಲಿ, ಬಕೆಟ್ಟು.

“ನಂಗೂ ಅಷ್ಟೇ ಅಕ್ಕ. ನಮ್ಮನೆ ಗೃಹಪ್ರವೇಶ ನೆನಪಿದ್ಯಾ? ಎಷ್ಟು ಚೆಂದದ ಪೊಟ್ಟಣಗಳು. ಯಾವುದನ್ನ ಬಿಚ್ಚಿದ್ರೂ ಗೋಡೆ ಗಡಿಯಾರ.”

ಇಬ್ಬರೂ ನಕ್ಕೆವು. ಆ ಗೃಹಪ್ರವೇಶದ ಹಿಂದಿನ ದಿನ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಮಲಗಿ ಬೆಳಗಿನವರೆಗೆ ಮಾತಾಡಿದ್ದೆವು. ಅದನ್ನು ಹೇಳೋಣ ಅನ್ನುವಷ್ಟರಲ್ಲಿ ಅವಳ ಹಸು ಕೂಗಿತು. ಫೋನು ಇಟ್ಟಳು.

ಅತಿಥಿ ಮನೆ

ಆಮೇಲೆ ಆಟದಲ್ಲಿ ಅತಿಥಿ ಮನೆ ಮಾರಾಟಕ್ಕೆ ಬಂತು. ಹೆಂಚಿನ ಮಾಡು, ಕಿಟಕಿಗೆ ಹೂವಿನ ಪರದೆ. ಅದನ್ನು ಕಟ್ಟಿಸಿದರೆ ಬಂದ ಗೊಂಬೆ ನೀರು ಹಾಕಿ ಓಡಿಹೋಗದೆ ರಾತ್ರಿ ಉಳಿಯುತ್ತದೆ. ಬೆಲೆ ನೋಡಿ ಫೋನು ಮಗುಚಿಟ್ಟೆ. ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ನೀಲಿ ಟೋಪಿ ಕೈ ಬೀಸಿ ಬೇಲಿ ದಾಟುವುದನ್ನು ನೋಡಲಾಗದೆ ಮೊಮ್ಮಗಳನ್ನು ಕರೆದೆ.

“ಅಜ್ಜಿ, ನೀವೂನಾ?” ಅಂದಳು. ಅಂದರೂ ಕೊಂಡುಕೊಟ್ಟಳು.

ಮಾರನೇ ಬೆಳಿಗ್ಗೆ ಹಲಸಿನ ಮರದ ಕೆಳಗಿಂದಲೇ ಫೋನು ಬಂತು.

“ಇಲ್ಲದ ಮನೆಗೆ ದುಡ್ಡು ಕೊಟ್ಯಾ? ಬಿ.ಎ. ಓದಿದವಳು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀನಿ ನಾನು. ನಿಮ್ಮ ನಿಜವಾದ ಮನೇಲಿ ಖಾಲಿ ರೂಮಿಲ್ವಾ?”

“ಇದೆ ಕಣೇ. ಅದಕ್ಕೆ ಯಾರೂ ಬರಲ್ಲ.”

ಸಿಗ್ನಲ್ ಹೋಯಿತು ಅಂದುಕೊಂಡು ಫೋನು ಇಟ್ಟೆ.

ಆ ವಾರವೇ ಒಂದು ಮಧ್ಯಾಹ್ನ ಗೇಟಿನಲ್ಲಿ ಆಟೋ ನಿಂತಿತು. ಒಂದು ಕೈಯಲ್ಲಿ ಹಲಸಿನ ಹಪ್ಪಳದ ಚೀಲ, ಇನ್ನೊಂದು ಕೈಯಲ್ಲಿ ಕೊಡೆ ಊರಿಕೊಂಡು ತಂಗಿ ಇಳಿದಳು. ಹಸುವನ್ನು ಓರಗಿತ್ತಿಗೆ ಒಪ್ಪಿಸಿ ಬಂದಿದ್ದಳು. ನನ್ನ ಕಡೆ ತಿರುಗಿಯೂ ನೋಡದೆ ಮೊಮ್ಮಗಳನ್ನು ಕೇಳಿದಳು, “ಆ ಮನೆ ವಾಪಸ್ ತಗೊಳ್ತಾರೇನೇ?”

“ಇಲ್ಲ ಚಿಕ್ಕಜ್ಜಿ.”

“ಹಾಗಾದ್ರೆ ದುಡ್ಡು ಹೋಯ್ತು. ಕಾಫಿ ಇಡು ಅಕ್ಕ.”

ಮಂಡಿಗೆ ಎಣ್ಣೆ ಹಚ್ಚಿಸಿಕೊಂಡು ಖಾಲಿ ರೂಮಿನಲ್ಲಿ ಉಳಿದಳು. ನಾನೂ ನನ್ನ ದಿಂಬು ಅಲ್ಲಿಗೇ ಒಯ್ದೆ. ಮಾತಿನಲ್ಲಿ ಇಬ್ಬರಿಗೂ ಆಟದ ಕಡೆ ಗಮನವೇ ಹೋಗಲಿಲ್ಲ. ಹೊಲ ಒಣಗಿತು, ಆಟದ ಹಸು ಉಪವಾಸ ಬಿತ್ತು.

ನಾಲ್ಕನೇ ದಿನ ಜಗಲಿಯಲ್ಲಿ ಒಂದೇ ಮೊರದ ಮುಂದೆ ಕೂತು ಅವರೆಕಾಳು ಬಿಡಿಸುತ್ತಿದ್ದೆವು. ಎರಡೂ ಫೋನು ಒಟ್ಟಿಗೆ ಟಿಣ್ ಅಂದವು. ಮೊಮ್ಮಗಳು ಎತ್ತಿಕೊಂಡು ಕನ್ನಡದಲ್ಲಿ ಹೇಳಿದಳು. ಎರಡರಲ್ಲೂ ಒಂದೇ ಸಂದೇಶ: “ನಿಮ್ಮ ಗೆಳತಿ ಬಹಳ ದಿನದಿಂದ ಕಾಣುತ್ತಿಲ್ಲ. ಹತ್ತು ರತ್ನ ಕೊಟ್ಟರೆ ಕರೆತರುತ್ತೇವೆ.”

ತಂಗಿ ಮೊರದಿಂದ ತಲೆ ಎತ್ತಲಿಲ್ಲ.

“ಆ ಹತ್ತನ್ನ ನಂಗೆ ಕೊಡು ಅಕ್ಕ, ಇನ್ನೊಂದು ವಾರ ಇರ್ತೀನಿ.”