ಮೇಷ್ಟ್ರ ಮನೆಯ ಸದ್ದು

"ಅಲ್ಲಾ ರೀ, ಗಲಾಟೆ ವಿಷ್ಯ ಪಾಠ ಮಾಡೋಕೆ ಯೂನಿವರ್ಸಿಟಿ ಯಾಕೆ ಬೇಕು? ಆ ಮಕ್ಕಳನ್ನ ಒಂದು ದಿನ ತಂದು ಈ ಮನೇಲಿ ಕೂರಿಸಿದ್ರೆ ಆಯ್ತಪ್ಪ," ಎಂದಳು ಹೆಂಡತಿ, ಗುರ್ರೆನ್ನುತ್ತಿದ್ದ ಮಿಕ್ಸಿಯ ಮುಚ್ಚಳ ಒತ್ತಿ ಹಿಡಿದು.

ಮೇಷ್ಟ್ರಿಗೆ ನಗು ಬರಲಿಲ್ಲ. ಅವರು ಕಲಿಸುತ್ತಿದ್ದದ್ದೇ ಊರಿನ ಸದ್ದನ್ನು ಅಳೆಯುವುದು ಹೇಗೆ, ತಗ್ಗಿಸುವುದು ಹೇಗೆ ಎಂಬುದನ್ನು. ಮನೆಯ ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಮೂರು ದೇಶಗಳ ವಿದ್ಯಾರ್ಥಿಗಳಿಗೆ ಒಟ್ಟಿಗೇ ಪಾಠ. ಅವರ ಗ್ರಹಚಾರವೋ ಏನೋ, "ಶಾಂತ ನಗರ" ಎಂದು ಬಾಯಿ ತೆರೆದಾಗಲೆಲ್ಲ ಮೇಲ್ಮನೆಯ ಬಡಗಿ ಡ್ರಿಲ್ ಶುರುಮಾಡುತ್ತಿದ್ದ. ಆಗ ಪರದೆಯ ಮೇಲಿನ ಅಷ್ಟೂ ತಲೆಗಳು ಬಗ್ಗಿ ಏನನ್ನೋ ಬರೆದುಕೊಳ್ಳುತ್ತಿದ್ದವು. ದೂರಲ್ಲದೆ ಇನ್ನೇನು ಬರೆದಾರು ಎಂದುಕೊಳ್ಳುತ್ತಿದ್ದರು ಮೇಷ್ಟ್ರು.

ಹೋದ ವಾರವಂತೂ ದೂರದ ಯೂನಿವರ್ಸಿಟಿಯ ಮುಖ್ಯಸ್ಥೆಯೇ ಪರದೆಗೆ ಬಂದು, "ನಿಮ್ಮ ಮನೆ ಸದ್ದಿನ ಬಗ್ಗೆ ಮಕ್ಕಳು ತುಂಬ ಹೇಳ್ತಿದಾರೆ. ಮುಂದಿನ ಕ್ಲಾಸಿಗೆ ನಾನೇ ಕೂರ್ತೀನಿ. ಬರೋ ವರ್ಷ ಈ ಕೋರ್ಸ್ ಇರಬೇಕೋ ಬೇಡ್ವೋ ಅವತ್ತೇ ತೀರ್ಮಾನ," ಎಂದು ಹೇಳಿ ಮಾಯವಾಗಿದ್ದರು. ಕೋರ್ಸು ಹೋದರೆ ಮೇಷ್ಟ್ರ ಕೆಲಸವೂ ಹೋದ ಹಾಗೆ. ಅವರನ್ನು ಇಟ್ಟುಕೊಂಡಿದ್ದೇ ಅದೊಂದಕ್ಕೆ.

ಆ ದಿನ ಇವತ್ತು. ಮೇಷ್ಟ್ರು ಬೆಳಿಗ್ಗೆಯೇ ಓಟು ಕೇಳುವವರ ಹಾಗೆ ಕೈಮುಗಿದು ಹೊರಟರು.

"ಸಾಯಂಕಾಲ ಕಪಾಟು ಕೊಡ್ಬೇಕು ಸಾರ್," ಎಂದು ರಾಗ ಎಳೆದ ಬಡಗಿ.

"ಕ್ಲಾಸ್ ಮುಗಿಯೋವರೆಗೆ ಅಷ್ಟೇ. ಹೊಟ್ಟೆಪಾಡಿನ ವಿಷಯ ಕಣಪ್ಪ."

"ಆಯ್ತು ಬಿಡಿ. ನಿಮ್ಮ ಮುಖ ನೋಡಿದ್ರೆ ಡ್ರಿಲ್ಲಿಗೇ ಅಳು ಬರೋ ಹಾಗಿದೆ."

ಕೆಳಮನೆಯ ಅಜ್ಜಿ ಟಿವಿ ಆರಿಸಲು ಒಪ್ಪಿದರು. "ಕೆಮ್ಮು ಬಂದ್ರೆ ಏನ್ ಮಾಡ್ಲಪ್ಪ?"

"ತಡ್ಕೊಳ್ಳಿ ಅಜ್ಜಿ."

"ನಿಮ್ಮ ತಾತನ್ನೇ ಅಷ್ಟು ವರ್ಷ ತಡ್ಕೊಂಡೆ. ಇದ್ಯಾವ ಲೆಕ್ಕ."

ಅಲ್ಲಿಗೆ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಎದುರುಮನೆಯವರಿಗೂ ಒಂದು ಮಾತು ಹೇಳೋಣ ಎಂದು ಹೋದದ್ದೇ ತಪ್ಪಾಯಿತು. ಅಲ್ಲಿದ್ದವರು ನಿವೃತ್ತ ವ್ಯಾಯಾಮ ಶಿಕ್ಷಕರು. ನಿವೃತ್ತಿಯಾದರೂ ಕೊರಳಿನ ಸೀಟಿ ಇಳಿಸದ ಅವರನ್ನು ಇಡೀ ಕಟ್ಟಡ ಸೀಟಿ ಮಾಸ್ಟರ್ ಎಂದೇ ಕರೆಯುತ್ತಿತ್ತು.

"ಶಿಸ್ತು ಬೇಡ್ಕೊಂಡ್ರೆ ಬರುತ್ತೇನ್ರೀ? ನನಗೆ ಬಿಡಿ," ಎಂದವರೇ ಎಲ್ಲರನ್ನೂ ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿದರು. ಚಪ್ಪಲಿ ಬಿಚ್ಚಿಸಿದರು. ಗೇಟಿನ ಕೀಲಿಗೆ ಎಣ್ಣೆ ಬಿಟ್ಟರು. ಮೇಷ್ಟ್ರ ಗೋಡೆ ಗಡಿಯಾರದ ಬ್ಯಾಟರಿಯನ್ನೂ ಕಿತ್ತು ಜೇಬಿಗೆ ಹಾಕಿಕೊಂಡರು. "ಉಸಿರು ಮೂಗಲ್ಲಿ ಮಾತ್ರ," ಎಂದು ಆಜ್ಞೆಯಾಯಿತು.

ಪಾಠ ಶುರುವಾಯಿತು. ಪ್ರಶ್ನೆಪತ್ರಿಕೆ ಕೈಗೆ ಬಂದ ಕ್ಷಣದ ಪರೀಕ್ಷಾ ಕೊಠಡಿಯಂತೆ ಕಟ್ಟಡ ಗಪ್‌ಚಿಪ್. ಮೇಷ್ಟ್ರು ಜೀವಮಾನದಲ್ಲೇ ಮೊದಲ ಸಲ "ಶಾಂತ ನಗರ" ಎಂಬ ಮಾತನ್ನು ಪೂರ್ತಿ ಹೇಳಿ ಮುಗಿಸಿದರು. ಆದರೆ ಪರದೆಯ ಮೇಲಿನ ಮುಖಗಳು ಒಂದೊಂದಾಗಿ ಬಾಡತೊಡಗಿದವು. ಒಬ್ಬ ಹುಡುಗಿ ಕೈಯಲ್ಲಿದ್ದ, ಸದ್ದು ಅಳೆಯುವ ಪುಟ್ಟ ಯಂತ್ರವನ್ನು ಅಲ್ಲಾಡಿಸಿ ನೋಡಿದಳು. ಇನ್ನೊಬ್ಬ ಆಕಳಿಸಿದ.

"ಸರ್," ಎಂದರು ಮುಖ್ಯಸ್ಥೆ, "ನಿಮ್ಮ ಮನೇಲಿ ಎಲ್ಲರೂ ಚೆನ್ನಾಗಿದಾರಾ?"

"ಚೆನ್ನಾಗಿದಾರೆ ಮೇಡಂ."

"ಮತ್ತೆ ಸದ್ದು ಎಲ್ಲಿ? ನಮ್ಮೂರಲ್ಲಿ ಅಳೆಯೋಕೆ ಏನೂ ಸಿಗಲ್ಲ, ಕಾರೂ ಹಾರ್ನ್ ಹೊಡೆಯಲ್ಲ. ಇವರು ಈ ಕೋರ್ಸಿಗೆ ತಪ್ಪದೆ ಬರೋದೇ ನಿಮ್ಮ ಡ್ರಿಲ್ಲು, ಮಿಕ್ಸಿ, ಅಜ್ಜಿ ಕೆಮ್ಮಿಗೋಸ್ಕರ. ಒಂದೊಂದಕ್ಕೂ ಗ್ರಾಫ್ ಬರೆದಿಟ್ಟಿದಾರೆ. ಅಂಥ ಸದ್ದನ್ನ ನಾನೂ ಕೇಳ್ಬೇಕು ಅಂತ ಕರ್ಕೊಂಡು ಬಂದ್ರು. ಇನ್ನೈದು ನಿಮಿಷ ಇದೆ. ಏನಾದ್ರೂ ಕೇಳಿಸ್ತೀರಾ?"

ಮೇಷ್ಟ್ರು ಬಿದ್ದೆನೋ ಎದ್ದೆನೋ ಎಂದು ಬಾಗಿಲಿಗೆ ಓಡಿದರು. "ಗಲಾಟೆ..." ಎನ್ನುವಷ್ಟರಲ್ಲಿ ಸೀಟಿ ಮಾಸ್ಟರ್ ಅವರ ಬಾಯಿಗೆ ಅಂಗೈ ಒತ್ತಿದರು.

"ಪಾಪ, ಒತ್ತಡಕ್ಕೆ ತಲೆ ಕೆಟ್ಟಿದೆ," ಎಂದು ಪಿಸುಗುಟ್ಟಿದರು. "ಯಾರೂ ಅಲುಗಾಡ್ಬೇಡಿ."

ಬಡಗಿ ಡ್ರಿಲ್ಲಿನ ವೈರನ್ನು ನೀಟಾಗಿ ಸುತ್ತಿ ಎತ್ತಿ ತೋರಿಸಿ ಹಲ್ಲು ಕಿರಿದ. ಅಜ್ಜಿ ಬಾಯಿಗೆ ಕರ್ಚೀಫು ತುರುಕಿಕೊಂಡು ಕೆಂಪಗಾಗಿದ್ದರು. ಮೇಷ್ಟ್ರು ಹೇಗೋ ಬಿಡಿಸಿಕೊಂಡು ಅಡುಗೆಮನೆಗೆ ನುಗ್ಗಿ ಬಡಿಯಲು ತಟ್ಟೆ ಎತ್ತಿದರೆ ಹೆಂಡತಿ ಅದನ್ನೂ ಕಿತ್ತುಕೊಂಡಳು. "ನಿಮ್ಮ ಕೆಲಸ ಉಳೀಲಿ ಅಂತ ಇಷ್ಟು ಜನ ಉಸಿರು ಬಿಗಿ ಹಿಡಿದಿದಾರೆ, ನೀವೇ ಹಾಳು ಮಾಡ್ತೀರಲ್ಲ ರೀ," ಎಂದಳು, ಅದೂ ಪಿಸುಮಾತಿನಲ್ಲಿ.

ವಾಪಸು ಬರುವಷ್ಟರಲ್ಲಿ ಮುಖ್ಯಸ್ಥೆ ಕನ್ನಡಕ ಮಡಚುತ್ತಿದ್ದರು. "ಬೇಡ ಬಿಡಿ ಸರ್. ನಿಶ್ಶಬ್ದ ನಮ್ಮಲ್ಲೇ ಬೇಕಾದಷ್ಟಿದೆ. ಅದನ್ನ ಅಷ್ಟು ದೂರದಿಂದ ತರಿಸ್ಕೊಳ್ಳೋದ್ಯಾಕೆ?"

ಪರದೆ ಕಪ್ಪಾಯಿತು.

ಸೀಟಿ ಮಾಸ್ಟರ್ ಎದೆಯುಬ್ಬಿಸಿ ಒಳಗೆ ಬಂದರು. "ಹೇಗಿತ್ತು ನಮ್ಮ ಶಿಸ್ತು?"

"ಅಜ್ಜಿ ಒಂದೇ ಒಂದ್ಸಲ ಕೆಮ್ಮಿದ್ರೂ ನನ್ನ ಕೆಲಸ ಉಳೀತಿತ್ತು ಸಾರ್," ಎಂದರು ಮೇಷ್ಟ್ರು.

ಮಾಸ್ಟರಿಗೆ ಅದು ಅರ್ಥವಾಗಲಿಲ್ಲ. ಅವರು ಮೆಟ್ಟಿಲ ಕಡೆ ತಿರುಗಿ ಉದ್ದಕ್ಕೆ ಸೀಟಿ ಊದಿದರು. ಅಜ್ಜಿ ಅಷ್ಟು ಹೊತ್ತು ಹಿಡಿದಿಟ್ಟಿದ್ದ ಕೆಮ್ಮನ್ನೆಲ್ಲ ಒಟ್ಟಿಗೇ ಬಿಟ್ಟರು. ಬಡಗಿ ದಡದಡನೆ ಮೇಲೆ ಓಡಿದ. ಇನ್ನೆರಡು ನಿಮಿಷಕ್ಕೆ ಸೂರು ನಡುಗಿ, ಗಾರೆಯ ಚಕ್ಕೆಯೊಂದು ಟಪ್ಪೆಂದು ಮೇಷ್ಟ್ರ ಕೀಬೋರ್ಡಿನ ಮೇಲೆ ಬಿತ್ತು.